ಒಂದೇ ಹಾರ್ಮೋನು, ಹಲವು ಉತ್ತರ: ಒತ್ತಡದ ಹಾರ್ಮೋನು ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಜೀನ್‌ಗಳನ್ನು ನಿಯಂತ್ರಿಸುವ ಬಗೆಯನ್ನು ಅಧ್ಯಯನ ಮಾಡಲು ಸಮಗ್ರ ಮಾರ್ಗದರ್ಶಿ

2002ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿ ಅವರ ತಂಡವು ಇಲಿಗಳ ಮೇಲೆ ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿತು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಅದರ ಲೇಖಕರಲ್ಲಿ ಒಬ್ಬರು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡಲಾಗದಂತೆ ಹಿಡಿದಿಟ್ಟ ಇಲಿಗಳಲ್ಲಿ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್‌ನ ಸಿಎ3 ಭಾಗದ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯ ಮತ್ತು ಆತಂಕಗಳಿಗೆ ಆಧಾರವಾದ ಅಮಿಗ್ಡಲಾದ ನರಕೋಶಗಳ ಕವಲುಗಳು ಅದೇ ಒತ್ತಡಕ್ಕೆ ಬೆಳೆದಿದ್ದವು. ಅದೇ ಪ್ರಯೋಗಾಲಯವು 2004ರಲ್ಲಿ ತೋರಿಸಿದಂತೆ, ಒತ್ತಡ ನಿಂತು 21 ದಿನಗಳಾದ ಮೇಲೆ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾ ಮಾತ್ರ ಹಾಗೆಯೇ ಉಳಿಯಿತು. ಎರಡೂ ಭಾಗಗಳಿಗೆ ಹರಿದದ್ದು ಒಂದೇ ರಕ್ತ, ಅದರಲ್ಲಿದ್ದದ್ದು ಕಾರ್ಟಿಕೊಸ್ಟೆರಾನ್ ಎಂಬ ಒಂದೇ ಒತ್ತಡದ ಹಾರ್ಮೋನು.

ಆ ಕೇಂದ್ರವಿರುವ ಜಿಕೆವಿಕೆ, ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದ ಹೊಲಗಳನ್ನು ಕಂಡವರಿಗೆ ಇದು ತೀರಾ ಅಪರಿಚಿತ ಸಂಗತಿಯಲ್ಲ. ಒಂದೇ ಮಳೆ ರಾಗಿಯ ಹೊಲಕ್ಕೂ ಭತ್ತದ ಗದ್ದೆಗೂ ಬೀಳುತ್ತದೆ. ಬೆಳೆ ಏನಾಗುತ್ತದೆ ಎಂಬುದನ್ನು ಮಳೆಯ ಜೊತೆಗೆ ಮಣ್ಣು, ಬೀಜ ಮತ್ತು ಕಾಲ ಸೇರಿ ತೀರ್ಮಾನಿಸುತ್ತವೆ. ಮಿದುಳಿನಲ್ಲಿ ಆ ಮಣ್ಣು ಯಾವುದು, ಬೀಜ ಯಾವುದು, ಕಾಲ ಎಂಥದು ಎಂದು ಹುಡುಕಲು ಹೊರಟ ಸ್ನಾತಕೋತ್ತರ ಹಾಗೂ ಆರಂಭದ ಹಂತದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಈ ಬರಹ. ಪ್ರಯೋಗಾಲಯದ ಸೌಲಭ್ಯ ಇಲ್ಲದವರು ಮೊದಲ ಐದು ಹಂತಗಳನ್ನು ಓದಿ, ನಂತರ ಒಂಬತ್ತನೆಯ ಹಂತಕ್ಕೆ ಹೋಗಬಹುದು.

ಮೊದಲ ಹಂತ: ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳುವುದು

ಯೋಜನಾ ಪ್ರಸ್ತಾವಗಳಲ್ಲಿ ನಾನು ಪದೇ ಪದೇ ಕಾಣುವ ವಾಕ್ಯವೆಂದರೆ “ಒತ್ತಡವು ಈ ಜೀನ್‌ನ ಅಭಿವ್ಯಕ್ತಿಯನ್ನು ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸಲಾಗುವುದು” ಎಂಬುದು. (ಅಭಿವ್ಯಕ್ತಿ ಎಂದರೆ ಜೀನ್‌ನಿಂದ ಆರ್‌ಎನ್‌ಎ ಪ್ರತಿಗಳು ತಯಾರಾಗುವ ಪ್ರಮಾಣ.) ಈ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಎಲ್ಲಿ, ಯಾವಾಗ, ಎಷ್ಟು ಹಾರ್ಮೋನಿಗೆ, ಯಾವ ಬಗೆಯ ಕೋಶದಲ್ಲಿ ಎಂಬ ನಾಲ್ಕು ಮಾತುಗಳು ಅದರಲ್ಲಿಲ್ಲ.

ಸಿಆರ್‌ಎಚ್ ಎಂಬ ಜೀನ್‌ನ ಉದಾಹರಣೆಯನ್ನು ಗಮನಿಸಿ. ಒತ್ತಡದ ಸರಪಣಿಯನ್ನು ಆರಂಭಿಸುವ ಪೆಪ್ಟೈಡನ್ನು ತಯಾರಿಸುವುದು ಈ ಜೀನ್; 1981ರಲ್ಲಿ ವೈಲಿ ವೇಲ್ ಅವರ ತಂಡ ಆ ಪೆಪ್ಟೈಡನ್ನು ಗುರುತಿಸಿತು. ಹೈಪೋಥಲಾಮಸ್‌ನ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಪುಟ್ಟ ಗುಂಪಿನಲ್ಲಿ ಒತ್ತಡದ ಹಾರ್ಮೋನು ಈ ಜೀನನ್ನು ತಗ್ಗಿಸುತ್ತದೆ, ಅದರಿಂದಲೇ ಸರಪಣಿಗೆ ಕಡಿವಾಣ ಬೀಳುತ್ತದೆ. ಅಮಿಗ್ಡಲಾದ ಕೇಂದ್ರ ಭಾಗದಲ್ಲಿ ಅದೇ ಹಾರ್ಮೋನು ಅದೇ ಜೀನನ್ನು ಏರಿಸುತ್ತದೆ. ಎರಡೂ ಭಾಗಗಳನ್ನು ಒಟ್ಟಿಗೆ ಅರೆದು ಅಳೆದವರಿಗೆ ಏರಿಕೆ ಇಳಿಕೆಗಳು ಒಂದನ್ನೊಂದು ಮುಚ್ಚಿ, ಏನೂ ಆಗಿಲ್ಲವೆಂಬಂತೆ ಕಾಣಬಹುದು. ಆದ್ದರಿಂದ ಪ್ರಶ್ನೆಯನ್ನು ಹೀಗೆ ಬರೆದುಕೊಳ್ಳಿ: “ವಯಸ್ಕ ಗಂಡು ಇಲಿಯನ್ನು ಎರಡು ಗಂಟೆ ಒಮ್ಮೆ ಹಿಡಿದಿಟ್ಟು, ನಂತರ ಒಂದು ಗಂಟೆಗೆ ನೋಡಿದಾಗ, ಹಿಪ್ಪೊಕ್ಯಾಂಪಸ್ ಮತ್ತು ಅಮಿಗ್ಡಲಾದ ಪಾರ್ಶ್ವತಳ ಭಾಗಗಳಲ್ಲಿ ಈ ಜೀನ್‌ನ ಬದಲಾವಣೆ ಬೇರೆ ಬೇರೆಯಾಗಿದೆಯೇ?” ವಾಕ್ಯ ಉದ್ದವಾಯಿತೆಂದು ಹಿಂಜರಿಯಬೇಡಿ, ಅದರಲ್ಲಿನ ಒಂದೊಂದು ಪದವೂ ಮುಂದೆ ಒಂದೊಂದು ತಪ್ಪನ್ನು ತಡೆಯುತ್ತದೆ.

ಎರಡನೆಯ ಹಂತ: ಹಾರ್ಮೋನು ನರಕೋಶದವರೆಗೆ ಬರುವ ದಾರಿಯನ್ನು ತಿಳಿಯುವುದು

ಹೈಪೋಥಲಾಮಸ್‌ನಿಂದ ಹೊರಟ ಸಿಆರ್‌ಎಚ್ ಪೆಪ್ಟೈಡ್ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬಿಡುಗಡೆಯಾಗುವಂತೆ ಮಾಡುತ್ತದೆ, ಎಸಿಟಿಎಚ್ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳ ಹೊರಪದರವನ್ನು ಪ್ರಚೋದಿಸುತ್ತದೆ, ಅಲ್ಲಿಂದ ಮನುಷ್ಯರಲ್ಲಿ ಮುಖ್ಯವಾಗಿ ಕಾರ್ಟಿಸಾಲ್, ಇಲಿ ಮತ್ತು ಸುಂಡಿಲಿಗಳಲ್ಲಿ ಕಾರ್ಟಿಕೊಸ್ಟೆರಾನ್ ರಕ್ತಕ್ಕೆ ಸೇರುತ್ತದೆ. ಇಷ್ಟು ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಅಲ್ಲಿಂದ ಮುಂದಿನ ಮೂರು ತಡೆಗಳನ್ನು ವಿದ್ಯಾರ್ಥಿಗಳು ಮರೆಯುತ್ತಾರೆ.

ಮೊದಲನೆಯದು, ರಕ್ತದಲ್ಲಿರುವ ಹಾರ್ಮೋನಿನ ಬಹುಪಾಲು ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಉಳಿದ ಸಣ್ಣ ಪಾಲು ಮಾತ್ರ ಮಿದುಳಿಗೆ ಇಳಿಯಬಲ್ಲದು. ಎರಡನೆಯದು, ರಕ್ತ ಮತ್ತು ಮಿದುಳಿನ ನಡುವಿನ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಕೆಲವು ಸ್ಟೆರಾಯ್ಡ್‌ಗಳನ್ನು ಹೊರಗೆ ದೂಡುತ್ತದೆ. ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟೆರಾಯ್ಡ್ ಕಡಿಮೆ ಪ್ರಮಾಣದಲ್ಲಿ ಮಿದುಳಿಗೆ ಸರಿಯಾಗಿ ಸೇರದೆ ಪಿಟ್ಯುಟರಿಯ ಮೇಲೆಯೇ ಹೆಚ್ಚು ಕೆಲಸ ಮಾಡುವುದು ಇದರಿಂದ. ಆ ಸಂದರ್ಭದಲ್ಲಿ ದೇಹದ ಸ್ವಂತ ಹಾರ್ಮೋನು ತಗ್ಗುವುದರಿಂದ, ಹಾರ್ಮೋನು ಕೊಟ್ಟಿದ್ದೇವೆಂದು ನಾವು ನಂಬಿರುವಾಗ ಮಿದುಳು ವಾಸ್ತವವಾಗಿ ಹಾರ್ಮೋನಿನ ಕೊರತೆಯಲ್ಲಿರಬಹುದು. ಮೂರನೆಯದು, ಕೋಶದೊಳಗಿನ 11-ಬೀಟಾ-ಎಚ್‌ಎಸ್‌ಡಿ1 ಎಂಬ ಕಿಣ್ವವು ನಿಷ್ಕ್ರಿಯ ರೂಪದ ಹಾರ್ಮೋನನ್ನು ಮತ್ತೆ ಸಕ್ರಿಯಗೊಳಿಸುತ್ತದೆ. ಹೀಗಾಗಿ ರಕ್ತದಲ್ಲಿ ಅಳೆದ ಒಂದು ಅಂಕಿ ಮಿದುಳಿನ ಎಲ್ಲ ಭಾಗಗಳ ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ.

ಇನ್ನು ಗ್ರಾಹಕಗಳು, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಕೋಶದ ಪ್ರೋಟೀನ್‌ಗಳು. 1968ರಲ್ಲಿ ಬ್ರೂಸ್ ಮೆಕ್‌ಈವನ್ ಮತ್ತು ಸಹೋದ್ಯೋಗಿಗಳು ವಿಕಿರಣದ ಗುರುತು ಹಚ್ಚಿದ ಕಾರ್ಟಿಕೊಸ್ಟೆರಾನ್ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಹೆಚ್ಚಾಗಿ ನೆಲೆಗೊಳ್ಳುವುದನ್ನು ಕಂಡರು. ಅಂದಿನವರೆಗೆ ಈ ಹಾರ್ಮೋನಿನ ಮಿದುಳಿನ ಕೆಲಸವನ್ನು ಹೈಪೋಥಲಾಮಸ್‌ನಲ್ಲಿಯೇ ಹುಡುಕುತ್ತಿದ್ದವರಿಗೆ ಅದು ಹೊಸ ದಿಕ್ಕಾಯಿತು. 1985ರಲ್ಲಿ ಹ್ಯಾನ್ಸ್ ರಾಯ್ಲ್ ಮತ್ತು ರಾನ್ ಡಿ ಕ್ಲೂಟ್ ಅವರು ಮಿದುಳಿನಲ್ಲಿ ಎರಡು ಬಗೆಯ ಗ್ರಾಹಕಗಳಿರುವುದನ್ನು ವಿವರಿಸಿದರು. ಮಿನರಲೊಕಾರ್ಟಿಕಾಯ್ಡ್ ಗ್ರಾಹಕ, ಅಂದರೆ ಎಂಆರ್, ಹಾರ್ಮೋನನ್ನು ಇನ್ನೊಂದಕ್ಕಿಂತ ಸುಮಾರು ಹತ್ತು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಒತ್ತಡವಿಲ್ಲದ ಹೊತ್ತಿನಲ್ಲೂ ಅದು ಬಹುಮಟ್ಟಿಗೆ ತುಂಬಿಕೊಂಡೇ ಇರುತ್ತದೆ ಮತ್ತು ಹಿಪ್ಪೊಕ್ಯಾಂಪಸ್‌ನಲ್ಲಿ ಅದರ ಸಾಂದ್ರತೆ ಹೆಚ್ಚು. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ, ಅಂದರೆ ಜಿಆರ್, ಮಿದುಳಿನ ಎಲ್ಲೆಡೆ ಹರಡಿದೆ. ಒತ್ತಡದಲ್ಲಿ, ಅಥವಾ ದಿನದ ಏರುಹೊತ್ತಿನಲ್ಲಿ, ಹಾರ್ಮೋನಿನ ಮಟ್ಟ ಏರಿದಾಗ ಮಾತ್ರ ಅದು ಗಣನೀಯವಾಗಿ ತುಂಬಿಕೊಳ್ಳುತ್ತದೆ. ಯಾವ ಭಾಗದಲ್ಲಿ ಇವೆರಡರ ಅನುಪಾತ ಎಷ್ಟು ಎಂಬುದೇ ಪ್ರಾದೇಶಿಕ ವ್ಯತ್ಯಾಸದ ಮೊದಲ ಕಾರಣ.

ಮೂರನೆಯ ಹಂತ: ಗ್ರಾಹಕವು ಜೀನನ್ನು ಓದುವ ಬಗೆಯನ್ನು ಮನಸ್ಸಿಗೆ ತಂದುಕೊಳ್ಳುವುದು

ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಹಾರ್ಮೋನು ಸೇರುವ ಮೊದಲು ಜಿಆರ್ ಬಹುಮಟ್ಟಿಗೆ ಕೋಶರಸದಲ್ಲಿ ಎಚ್‌ಎಸ್‌ಪಿ90 ಮುಂತಾದ ಪ್ರೋಟೀನ್‌ಗಳ ಜೊತೆ ಕಟ್ಟಿಕೊಂಡಿರುತ್ತದೆ. ಹಾರ್ಮೋನು ಸೇರಿದಾಗ ಅದರ ಆಕಾರ ಬದಲಾಗಿ, ಜೊತೆಗಾರರು ಬದಲಾಗಿ, ಅದು ಕೋಶಕೇಂದ್ರಕ್ಕೆ ಸಾಗುತ್ತದೆ. ಅಲ್ಲಿ ಎರಡು ಗ್ರಾಹಕಗಳು ಜೋಡಿಯಾಗಿ ಡಿಎನ್‌ಎಯ ಮೇಲಿನ 15 ಅಕ್ಷರಗಳ ಒಂದು ಗುರುತಿಗೆ ಅಂಟಿಕೊಳ್ಳುತ್ತವೆ: ಮೊದಲು ಎ-ಜಿ-ಎ-ಎ-ಸಿ-ಎ, ನಡುವೆ ಯಾವುದಾದರೂ ಮೂರು ಅಕ್ಷರ, ಕೊನೆಗೆ ಟಿ-ಜಿ-ಟಿ-ಟಿ-ಸಿ-ಟಿ. ಎಂಆರ್ ಕೂಡ ಬಹುತೇಕ ಇದೇ ಗುರುತನ್ನು ಓದುತ್ತದೆ. ಕೆಲವೊಮ್ಮೆ ಒಂದು ಎಂಆರ್ ಮತ್ತು ಒಂದು ಜಿಆರ್ ಸೇರಿ ಮಿಶ್ರಜೋಡಿಯಾಗುತ್ತವೆ. ತೀವ್ರ ಒತ್ತಡದ ನಂತರ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಎಫ್‌ಕೆಬಿಪಿ5, ಪರ್1, ಎಸ್‌ಜಿಕೆ1 ಜೀನ್‌ಗಳ ಬಳಿ ಇಂಥ ಜೋಡಿಗಳು ಹೆಚ್ಚಾಗುವುದನ್ನು 2016ರ ಒಂದು ಅಧ್ಯಯನ ತೋರಿಸಿದೆ.

ಈ ಗುರುತುಗಳು ಜೀನೋಮಿನಲ್ಲಿ ಅಸಂಖ್ಯವಾಗಿವೆ, ಒಂದು ಕೋಶದಲ್ಲಿ ಗ್ರಾಹಕ ಕೂರುವುದು ಅವುಗಳಲ್ಲಿ ಸ್ವಲ್ಪ ಭಾಗದ ಮೇಲೆ ಮಾತ್ರ. ಹಿಪ್ಪೊಕ್ಯಾಂಪಸ್‌ನ ಕೋಶದಲ್ಲೂ ಅಮಿಗ್ಡಲಾದ ಕೋಶದಲ್ಲೂ ಡಿಎನ್‌ಎ ಒಂದೇ. ಆದರೆ ಅದನ್ನು ಸುತ್ತಿಟ್ಟ ರೀತಿ ಬೇರೆ. ಒಂದು ಕಡೆ ಬಿಚ್ಚಿಟ್ಟ ಪುಟ ಇನ್ನೊಂದು ಕಡೆ ಮಡಚಿಟ್ಟಿರುತ್ತದೆ, ಮತ್ತು ಗ್ರಾಹಕವು ಹೆಚ್ಚಾಗಿ ಮೊದಲೇ ಬಿಚ್ಚಿದ್ದ ಪುಟಗಳನ್ನೇ ಓದುತ್ತದೆ. ಕೋಶವು ಬೆಳೆಯುವ ಕಾಲದಲ್ಲಿಯೇ ಯಾವ ಪುಟ ಬಿಚ್ಚಿರಬೇಕೆಂಬುದು ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಪ್ರಾದೇಶಿಕ ವ್ಯತ್ಯಾಸದ ಎರಡನೆಯ ಕಾರಣ ಇದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದೂ ಇದೇ.

ಮೂರನೆಯ ಕಾರಣ ಅಕ್ಕಪಕ್ಕದ ಸಹವಾಸ. ಗ್ರಾಹಕ ತಾನೊಂದೇ ಜೀನನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಸಹಚಾಲಕ ಹಾಗೂ ಸಹನಿರೋಧಕ ಪ್ರೋಟೀನ್‌ಗಳನ್ನು ಕರೆತಂದು ಕೆಲಸ ಮಾಡಿಸುತ್ತದೆ. ಎಸ್‌ಆರ್‌ಸಿ-1 ಎಂಬ ಸಹಚಾಲಕ ಇಲ್ಲದಂತೆ ಮಾಡಿದ ಸುಂಡಿಲಿಗಳಲ್ಲಿ ಮೇಲೆ ಹೇಳಿದ ಸಿಆರ್‌ಎಚ್ ಜೀನ್ ಹಾರ್ಮೋನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಿಪ್ಪೊಕ್ಯಾಂಪಸ್‌ನಲ್ಲಿ ಎಂಆರ್ ಮಾತ್ರ ಕೂರುವ ಜಾಗಗಳ ಪಕ್ಕದಲ್ಲಿ ನ್ಯೂರೋಡಿ ಕುಟುಂಬದ ಪ್ರೋಟೀನ್‌ಗಳ ಗುರುತು ಕಾಣುತ್ತದೆ. ಒಂದೇ ಅಕ್ಷರಮಾಲೆಯನ್ನು ಓದುವ ಎರಡು ಗ್ರಾಹಕಗಳು ಬೇರೆ ಬೇರೆ ಜೀನ್‌ಗಳನ್ನು ಹೇಗೆ ಆರಿಸಿಕೊಳ್ಳುತ್ತವೆ ಎಂಬ ಒಗಟಿಗೆ ಅದು ಒಂದು ಭಾಗದ ಉತ್ತರ. ಇನ್ನೊಂದು ಬಗೆಯಲ್ಲಿ ಜಿಆರ್ ನೇರವಾಗಿ ಡಿಎನ್‌ಎಗೆ ಅಂಟದೆ, ಎಪಿ-1 ಅಥವಾ ಎನ್‌ಎಫ್-ಕಪ್ಪಾ-ಬಿ ಮುಂತಾದ ಪ್ರೋಟೀನ್‌ಗಳ ಕೆಲಸಕ್ಕೆ ಅಡ್ಡ ಬಂದು ಉರಿಯೂತದ ಜೀನ್‌ಗಳನ್ನು ತಗ್ಗಿಸುತ್ತದೆ.

ಗ್ರಾಹಕ ಅಂಟಿಕೊಳ್ಳುವ ಜಾಗ ಜೀನ್‌ನ ಆರಂಭದ ಬಳಿಯೇ ಇರಬೇಕೆಂದು ಊಹಿಸಬೇಡಿ. ಎಫ್‌ಕೆಬಿಪಿ5 ಜೀನ್‌ನಲ್ಲಿ ಅಂಥ ಜಾಗಗಳು ಜೀನ್‌ನ ಒಳಗಿನ ಇಂಟ್ರಾನ್‌ಗಳಲ್ಲಿ (ಪ್ರೋಟೀನಿಗೆ ಸಂಕೇತ ಕೊಡದ ತುಣುಕುಗಳಲ್ಲಿ), ಆರಂಭದಿಂದ ಬಹುದೂರದಲ್ಲಿವೆ. ಈ ಜೀನ್ ತಯಾರಿಸುವ ಪ್ರೋಟೀನು ಮರಳಿ ಜಿಆರ್‌ಗೇ ಅಂಟಿ ಅದರ ಹಾರ್ಮೋನು ಹಿಡಿಯುವ ಬಲವನ್ನು ಕುಗ್ಗಿಸುತ್ತದೆ ಎಂಬುದರಿಂದ, ಕೋಶದೊಳಗೇ ಒಂದು ಪುಟ್ಟ ಕಡಿವಾಣ ಸಿದ್ಧವಾಗುತ್ತದೆ.

ನಾಲ್ಕನೆಯ ಹಂತ: ಭಾಗಗಳನ್ನೂ ಜೀನ್‌ಗಳನ್ನೂ ಆರಿಸಿಕೊಳ್ಳುವುದು

ಆರಂಭದ ಯೋಜನೆಗೆ ಎರಡು ಭಾಗ ಸಾಕು, ಹೆಚ್ಚೆಂದರೆ ಮೂರು. ಹಿಪ್ಪೊಕ್ಯಾಂಪಸ್ ಮತ್ತು ಅಮಿಗ್ಡಲಾದ ಪಾರ್ಶ್ವತಳ ಭಾಗದ ಜೋಡಿಯನ್ನು ನಾನು ಶಿಫಾರಸು ಮಾಡುತ್ತೇನೆ, ಏಕೆಂದರೆ ಅಲ್ಲಿ ನಿರೀಕ್ಷೆಯ ದಿಕ್ಕು ಮೊದಲೇ ತಿಳಿದಿದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಪ್ರೋಟೀನಿನ ಪ್ರಮಾಣವು ದೀರ್ಘ ಒತ್ತಡದ ನಂತರ ಸಿಎ3 ಭಾಗದಲ್ಲಿ ಇಳಿದು, ಅಮಿಗ್ಡಲಾದ ಪಾರ್ಶ್ವತಳ ಭಾಗದಲ್ಲಿ ಏರುವುದನ್ನು ಚಟ್ಟರ್ಜಿ ಅವರ ಪ್ರಯೋಗಾಲಯವೇ 2012ರಲ್ಲಿ ವರದಿ ಮಾಡಿತು. ಮೂರನೆಯದಾಗಿ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಮಧ್ಯಭಾಗವನ್ನು ಸೇರಿಸಬಹುದು.

ಜೀನ್‌ಗಳ ಪಟ್ಟಿಯಲ್ಲಿ ಮೂರು ಬಗೆಯವು ಇರಲಿ. ಎಫ್‌ಕೆಬಿಪಿ5, ಪರ್1, ಎಸ್‌ಜಿಕೆ1, ಟಿಎಸ್‌ಸಿ22ಡಿ3 ಇವು ಹಾರ್ಮೋನಿಗೆ ಹಲವು ಭಾಗಗಳಲ್ಲಿ ಸ್ಪಂದಿಸುವ ಜೀನ್‌ಗಳು. ಇವು ಏರದಿದ್ದರೆ ನಿಮ್ಮ ಪ್ರಯೋಗದಲ್ಲಿ ಹಾರ್ಮೋನು ಮಿದುಳಿಗೆ ತಲುಪಿದೆಯೇ ಎಂದು ಮೊದಲು ಪರಿಶೀಲಿಸಬೇಕು. ಎಫ್‌ಒಎಸ್ ನರಕೋಶದ ಚಟುವಟಿಕೆಯನ್ನು ತೋರಿಸುವ ಜೀನ್. ಅದರ ಏರಿಕೆ ಹಾರ್ಮೋನಿನ ಸಾಕ್ಷಿಯಲ್ಲ, ನರಕೋಶ ಪ್ರಚೋದನೆಗೊಂಡದ್ದರ ಸಾಕ್ಷಿ. ಬಿಡಿಎನ್‌ಎಫ್ ಮತ್ತು ಸಿಆರ್‌ಎಚ್ ಭಾಗದಿಂದ ಭಾಗಕ್ಕೆ ದಿಕ್ಕು ಬದಲಿಸುವವು. ನಿಮ್ಮ ನಿಜವಾದ ಪ್ರಶ್ನೆ ಇರುವುದು ಇವುಗಳಲ್ಲಿ.

ಐದನೆಯ ಹಂತ: ಕಾಲವನ್ನು ನಿಗದಿಪಡಿಸುವುದು

ಒತ್ತಡ ಆರಂಭವಾದ ಕೆಲವು ನಿಮಿಷಗಳಲ್ಲೇ ಹಾರ್ಮೋನು ಕೋಶಪೊರೆಯ ಬಳಿಯ ಗ್ರಾಹಕಗಳ ಮೂಲಕ ನರಕೋಶಗಳ ಸಂಕೇತಗಳನ್ನು ಬದಲಿಸಬಲ್ಲದು. ಅಲ್ಲಿ ಜೀನ್‌ಗಳ ಪಾತ್ರವಿಲ್ಲ. ಜೀನ್‌ಗಳ ಮೂಲಕ ನಡೆಯುವ ಕೆಲಸ ಹತ್ತಾರು ನಿಮಿಷಗಳ ನಂತರ ಕಾಣತೊಡಗಿ ಗಂಟೆಗಳ ಕಾಲ ನಡೆಯುತ್ತದೆ. ಅದರಲ್ಲೂ ಪರ್1 ಬೇಗ ಏರಿ ಬೇಗ ಇಳಿಯುತ್ತದೆ, ಎಫ್‌ಕೆಬಿಪಿ5 ನಿಧಾನವಾಗಿ ಏರಿ ಹೆಚ್ಚು ಹೊತ್ತು ಉಳಿಯುತ್ತದೆ. ಇನ್ನು ರಚನೆಯ ಬದಲಾವಣೆಗಳಿಗೆ ದಿನಗಳು ಬೇಕು: ಒಮ್ಮೆ ಮಾತ್ರ ಎರಡು ಗಂಟೆ ಹಿಡಿದಿಟ್ಟ ಇಲಿಯ ಅಮಿಗ್ಡಲಾದಲ್ಲಿ ಮರುದಿನ ಕಾಣದ ಹೊಸ ಸಂಪರ್ಕಮುಳ್ಳುಗಳು (ನರಕೋಶಗಳು ಒಂದಕ್ಕೊಂದು ಬೆಸೆಯುವ, ಕವಲುಗಳ ಮೇಲಿನ ಪುಟ್ಟ ಚಾಚುಗಳು) ಹತ್ತು ದಿನಗಳ ನಂತರ ಕಂಡುಬಂದದ್ದನ್ನು ಬೆಂಗಳೂರಿನದೇ 2005ರ ಅಧ್ಯಯನ ದಾಖಲಿಸಿದೆ. ಆದ್ದರಿಂದ ಒಂದೇ ಕಾಲಬಿಂದುವಿನಲ್ಲಿ ಅಳೆದು “ಬದಲಾವಣೆ ಇಲ್ಲ” ಎಂದು ಬರೆಯುವುದು ಸಲ್ಲದು. ಕನಿಷ್ಠ ಒಂದು ಬೇಗನೆಯ ಬಿಂದು, ಉದಾಹರಣೆಗೆ ಒಂದು ಗಂಟೆ, ಮತ್ತು ಒಂದು ತಡವಾದ ಬಿಂದು ಇಟ್ಟುಕೊಳ್ಳಿ.

ದಿನದ ಹೊತ್ತೂ ಅಷ್ಟೇ ಮುಖ್ಯ. ಮನುಷ್ಯರಲ್ಲಿ ಈ ಹಾರ್ಮೋನು ಬೆಳಗ್ಗೆ ಏಳುವ ಹೊತ್ತಿಗೆ ಏರುತ್ತದೆ. ರಾತ್ರಿಯ ಪ್ರಾಣಿಯಾದ ಇಲಿಯಲ್ಲಿ ಕತ್ತಲು ಆರಂಭವಾಗುವ ಹೊತ್ತಿಗೆ ಏರುತ್ತದೆ. ನಾನು ಸಂಶೋಧನೆ ಆರಂಭಿಸಿದ ದಿನಗಳಲ್ಲಿ, ನಿಯಂತ್ರಣ ಗುಂಪಿನ, ಅಂದರೆ ಹೋಲಿಕೆಗಾಗಿ ಒತ್ತಡ ಕೊಡದೆ ಇಟ್ಟ ಇಲಿಗಳ ಅಂಗಾಂಶವನ್ನು ಬೆಳಗ್ಗೆಯೂ ಒತ್ತಡದ ಗುಂಪಿನದನ್ನು ಸಂಜೆಯ ಹೊತ್ತಿಗೂ ತೆಗೆದೆ. ಪರ್1 ಜೀನ್‌ನ ಏರಿಕೆ ಬಹಳ ಸುಂದರವಾಗಿ ಕಂಡಿತು. ಅದು ದೇಹದ ಗಡಿಯಾರದ ಜೀನ್, ಹೊತ್ತು ಬದಲಾದಂತೆ ತಾನೇ ಬದಲಾಗುತ್ತದೆ ಎಂಬುದು ಹೊಳೆದಾಗ ಮೂರು ತಿಂಗಳ ಕೆಲಸವನ್ನು ಬದಿಗಿಡಬೇಕಾಯಿತು, ಮತ್ತು ಆ ಪ್ರಾಣಿಗಳ ಜೀವ ವ್ಯರ್ಥವಾಯಿತೆಂಬ ನೋವು ಇಂದಿಗೂ ಇದೆ. ಎಲ್ಲ ಗುಂಪಿನ ಪ್ರಾಣಿಗಳನ್ನೂ ಒಂದೇ ಎರಡು ಗಂಟೆಯ ಅವಧಿಯೊಳಗೆ, ಗುಂಪುಗಳನ್ನು ಬೆರೆಸಿದ ಸರದಿಯಲ್ಲಿ ತೆಗೆದುಕೊಳ್ಳಿ.

ಆರನೆಯ ಹಂತ: ಅನುಮತಿ, ಪ್ರಾಣಿಗಳು ಮತ್ತು ಅವುಗಳ ಸುತ್ತಲಿನ ಊರು

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ, ನೋಂದಾಯಿತ ಸಂಸ್ಥೆಯಲ್ಲಿ, ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಲಿಖಿತ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ. ಅರ್ಜಿಯಲ್ಲಿ ಪ್ರಾಣಿಗಳ ಸಂಖ್ಯೆಗೆ ಸಮರ್ಥನೆ ಕೊಡಬೇಕು. ಅದನ್ನು ಕಚೇರಿಯ ಕೆಲಸವೆಂದು ತಿಳಿಯದೆ, ಪ್ರಯೋಗದ ವಿನ್ಯಾಸದ ಭಾಗವೆಂದೇ ತಿಳಿಯಿರಿ.

ಒತ್ತಡವನ್ನು ಅಧ್ಯಯನ ಮಾಡುವವರಿಗೆ ಬೆಂಗಳೂರು ವಿಶೇಷ ಎಚ್ಚರವನ್ನು ಬೇಡುವ ಊರು. ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿದ್ದರೆ, ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆಯುತ್ತಿದ್ದರೆ, ಆ ಸದ್ದು ಮತ್ತು ನೆಲದ ಕಂಪನ ನಿಮ್ಮ ನಿಯಂತ್ರಣ ಗುಂಪನ್ನೇ ಒತ್ತಡದ ಗುಂಪಾಗಿ ಮಾಡಬಲ್ಲವು. ಇಲಿಗಳು ನಮಗೆ ಕೇಳದ ಎತ್ತರದ ಸ್ವರಗಳನ್ನೂ ಕೇಳುತ್ತವೆ. ದೀಪಾವಳಿಯ ವಾರದಲ್ಲಿ ಪ್ರಯೋಗ ಇಟ್ಟುಕೊಳ್ಳಬೇಡಿ. ವಿದ್ಯುತ್ ಹೋಗಿ ಬಂದಾಗ ಬೆಳಕಿನ ವೇಳಾಪಟ್ಟಿ ಹನ್ನೆರಡು ಗಂಟೆಯ ಲೆಕ್ಕದಿಂದ ಜಾರಿದೆಯೇ ಎಂದು ಟೈಮರನ್ನು ಪ್ರತಿದಿನ ನೋಡಿ. ಪ್ರಾಣಿಗಳು ಬೇರೆ ಕಡೆಯಿಂದ ವಾಹನದಲ್ಲಿ ಬಂದಿದ್ದರೆ ಕನಿಷ್ಠ ಒಂದು ವಾರ ಹೊಂದಿಕೊಳ್ಳಲು ಬಿಡಿ, ಮತ್ತು ಆ ವಾರದಲ್ಲಿ ಅವುಗಳನ್ನು ದಿನವೂ ಮೃದುವಾಗಿ ಕೈಯಲ್ಲಿ ಎತ್ತಿ ಅಭ್ಯಾಸ ಮಾಡಿಸಿ, ಏಕೆಂದರೆ ಅಭ್ಯಾಸವಿಲ್ಲದ ಪ್ರಾಣಿಗೆ ಚುಚ್ಚುಮದ್ದಿನ ಸೂಜಿಯೇ ಒತ್ತಡ. ಹೆಣ್ಣು ಇಲಿಗಳನ್ನು ಬಿಟ್ಟುಬಿಡುವುದು ಸುಲಭವೆಂಬ ಕಾರಣಕ್ಕೆ ಬಿಡಬೇಡಿ. ಅವುಗಳಲ್ಲಿ ಹಾರ್ಮೋನಿನ ಮಟ್ಟವೂ ರಕ್ತದ ಬಂಧಕ ಪ್ರೋಟೀನಿನ ಮಟ್ಟವೂ ಹೆಚ್ಚು, ಫಲಿತಾಂಶ ಬೇರೆಯಾಗಬಹುದು.

ಏಳನೆಯ ಹಂತ: ಅಂಗಾಂಶದಿಂದ ಆರ್‌ಎನ್‌ಎವರೆಗೆ

ಪಂಜರವನ್ನು ಮುಟ್ಟಿದ ಕ್ಷಣದಿಂದ ಸುಮಾರು ಮೂರು ನಿಮಿಷದೊಳಗೆ ರಕ್ತದ ಮಾದರಿ ದೊರೆತರೆ ಮಾತ್ರ ಅದು ಒತ್ತಡವಿಲ್ಲದ ಮಟ್ಟವನ್ನು ಹೇಳುತ್ತದೆ. ಆಮೇಲೆ ನಿಮ್ಮ ಕೈಯೇ ಸೃಷ್ಟಿಸಿದ ಏರಿಕೆ ಬೆರೆಯುತ್ತದೆ. ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು, ಅಥವಾ ಅದಕ್ಕೆ ವಾಸನೆ ಸಿಗುವಷ್ಟು ಹತ್ತಿರ, ಕೊಲ್ಲಬಾರದು.

ಮಿದುಳನ್ನು ತೆಗೆದ ತಕ್ಷಣ ಹೆಪ್ಪುಗಟ್ಟಿಸಿ, ಕ್ರಯೋಸ್ಟಾಟ್‌ನಲ್ಲಿ ದಪ್ಪ ಸೀಳುಗಳನ್ನು ಮಾಡಿ, ಟೊಳ್ಳು ಸೂಜಿಯಿಂದ ಬೇಕಾದ ಭಾಗವನ್ನು ಮಾತ್ರ ಕೊರೆದು ತೆಗೆಯುವ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಹಿಪ್ಪೊಕ್ಯಾಂಪಸನ್ನು ಚಿಮುಟದಿಂದಲೂ ಬೇರ್ಪಡಿಸಬಹುದು, ಆದರೆ ಅಮಿಗ್ಡಲಾಗೆ ಹಾಗೆ ಎದ್ದು ಕಾಣುವ ಗಡಿ ಇಲ್ಲ. ಅದರ ಪಾರ್ಶ್ವತಳ ಭಾಗವೂ ಕೇಂದ್ರ ಭಾಗವೂ ಅಕ್ಕಪಕ್ಕದಲ್ಲಿದ್ದು ಹಾರ್ಮೋನಿಗೆ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ. ಕೊರೆದ ನಂತರದ ಸೀಳಿಗೆ ಬಣ್ಣ ಹಾಕಿ, ರಂಧ್ರ ಎಲ್ಲಿ ಬಿದ್ದಿದೆಯೆಂದು ಚಿತ್ರ ತೆಗೆದು ಇಟ್ಟುಕೊಳ್ಳಿ. ಆ ಚಿತ್ರವಿಲ್ಲದ ಮಾದರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂಬುದು ನನ್ನ ನಿಯಮ.

ಆರ್‌ಎನ್‌ಎ ಬೇರ್ಪಡಿಸುವ ವಿಧಾನ ಕಿಟ್‌ಗಳ ಜೊತೆಗೇ ಬರುತ್ತದೆ, ಅದನ್ನು ವಿವರಿಸುವುದಿಲ್ಲ. ಗುಣಮಟ್ಟದ ಅಂಕಿ, ಅಂದರೆ ಆರ್‌ಐಎನ್, 8ರ ಆಸುಪಾಸಿನಲ್ಲಿ ಅಥವಾ ಮೇಲಿರಲಿ. ಅದಕ್ಕಿಂತ ಮುಖ್ಯವಾಗಿ ಎಲ್ಲ ಗುಂಪುಗಳಲ್ಲಿ ಸಮಾನವಾಗಿರಲಿ. ಮಾದರಿಗಳನ್ನು ಎಲೆಕ್ಟ್ರಾನಿಕ್ ಸಿಟಿಯಿಂದ ಬಳ್ಳಾರಿ ರಸ್ತೆಗೆ ಒಯ್ಯುವುದಿದ್ದರೆ, ಒಂದು ಗಂಟೆಯ ದಾರಿಗೆ ಮೂರು ಗಂಟೆಯ ಒಣ ಮಂಜುಗಡ್ಡೆ ತುಂಬಿಸಿ.

ಆರ್‌ಎನ್‌ಎ ಪ್ರಮಾಣವನ್ನು ಅಳೆಯುವ ಕ್ಯೂಪಿಸಿಆರ್ ವಿಧಾನದಲ್ಲಿ ಹೋಲಿಕೆಗೆ ಇಟ್ಟುಕೊಳ್ಳುವ ಜೀನ್ ಹಾರ್ಮೋನಿಗೆ ಬದಲಾಗಬಾರದು. ಗ್ಲುಕೋಸ್ ಚಯಾಪಚಯದ ಜೀನಾದ ಜಿಎಪಿಡಿಎಚ್ ಅನ್ನು ಕಣ್ಣುಮುಚ್ಚಿ ಬಳಸುವ ರೂಢಿ ಇಲ್ಲಿ ಅಪಾಯಕರ, ಏಕೆಂದರೆ ಚಯಾಪಚಯವನ್ನು ಬದಲಿಸುವುದೇ ಈ ಹಾರ್ಮೋನಿನ ಕೆಲಸ. ಎರಡು ಮೂರು ಜೀನ್‌ಗಳನ್ನು ಪ್ರತಿ ಭಾಗದಲ್ಲೂ ಮೊದಲು ಪರೀಕ್ಷಿಸಿ ಆರಿಸಿಕೊಳ್ಳಿ. ಪ್ರತಿ ಚಕ್ರದಲ್ಲಿ ಪ್ರತಿಗಳು ಎರಡು ಪಟ್ಟಾಗುವುದರಿಂದ ಲೆಕ್ಕ ಸರಳ: ಎಫ್‌ಕೆಬಿಪಿ5 ಮತ್ತು ಹೋಲಿಕೆಯ ಜೀನ್‌ಗಳ ಚಕ್ರಸಂಖ್ಯೆಯ ಅಂತರ ನಿಯಂತ್ರಣದಲ್ಲಿ 6.0 ಇದ್ದು ಒತ್ತಡದಲ್ಲಿ 4.5 ಆಗಿದ್ದರೆ, ಏರಿಕೆ ಎರಡರ 1.5ನೆಯ ಘಾತ, ಅಂದರೆ ಸುಮಾರು 2.8 ಪಟ್ಟು.

ಎಂಟನೆಯ ಹಂತ: ಬದಲಾವಣೆಗೆ ಹಾರ್ಮೋನೇ ಕಾರಣವೆಂದು ತೋರಿಸುವುದು

ಒತ್ತಡವಾದಾಗ ಕಾರ್ಟಿಕೊಸ್ಟೆರಾನ್ ಒಂದೇ ಏರುವುದಿಲ್ಲ. ನಾರ್‌ಅಡ್ರಿನಲಿನ್, ಸಿಆರ್‌ಎಚ್ ಮತ್ತು ನರಕೋಶಗಳ ಚಟುವಟಿಕೆ ಎಲ್ಲವೂ ಏರುತ್ತವೆ. ಹಾರ್ಮೋನಿನ ಪಾತ್ರವನ್ನು ಬೇರ್ಪಡಿಸಲು ಮೂರು ದಾರಿಗಳಿವೆ. ಅಡ್ರಿನಲ್ ಗ್ರಂಥಿಗಳನ್ನು ತೆಗೆದು ಹಾರ್ಮೋನನ್ನು ಅಳತೆಯಂತೆ ಮರಳಿ ಕೊಡುವುದು ಹಳೆಯ ಹಾಗೂ ಪ್ರಬಲ ದಾರಿ. ಆ ಪ್ರಾಣಿಗಳು ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟೆರೋನ್ ಅನ್ನೂ ಕಳೆದುಕೊಳ್ಳುವುದರಿಂದ ಅವಕ್ಕೆ ಉಪ್ಪುನೀರನ್ನು ಕುಡಿಯಲು ಇಡದಿದ್ದರೆ ಬದುಕುವುದಿಲ್ಲ. ಎರಡನೆಯದು, ಜಿಆರ್ ತಡೆಯಲು ಮಿಫೆಪ್ರಿಸ್ಟೋನ್, ಎಂಆರ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ಬಳಸುವುದು. ಮಿಫೆಪ್ರಿಸ್ಟೋನ್ ಪ್ರೊಜೆಸ್ಟೆರಾನ್ ಗ್ರಾಹಕವನ್ನೂ ತಡೆಯುತ್ತದೆಂಬುದು ನೆನಪಿರಲಿ. ಮೂರನೆಯದು, ಚಿಪ್-ಸೀಕ್ವೆನ್ಸಿಂಗ್‌ನಂಥ ವಿಧಾನದಿಂದ ಗ್ರಾಹಕವು ಆ ಜೀನ್‌ನ ಬಳಿ ನಿಜವಾಗಿ ಕೂತಿದೆಯೇ ಎಂದು ನೋಡುವುದು. ಕೂತಿದ್ದ ಮಾತ್ರಕ್ಕೆ ಆ ಜೀನನ್ನು ಅದೇ ನಿಯಂತ್ರಿಸುತ್ತಿದೆ ಎಂದಾಗುವುದಿಲ್ಲ. ಮೊದಲ ಅಥವಾ ಎರಡನೆಯ ದಾರಿಯ ಜೊತೆ ಮೂರನೆಯದನ್ನು ಸೇರಿಸಿದಾಗ ವಾದ ಗಟ್ಟಿಯಾಗುತ್ತದೆ.

ಒಂಬತ್ತನೆಯ ಹಂತ: ಅಂಕಿಗಳನ್ನು ಓದುವುದು

ಪ್ರಾಣಿಗಳ ಕೆಲಸ ಮಾಡಲಾಗದ ವಿದ್ಯಾರ್ಥಿಗಳು ಇಲ್ಲಿಂದಲೇ ಆರಂಭಿಸಬಹುದು. ಜಿಇಒ ಎಂಬ ಸಾರ್ವಜನಿಕ ಭಂಡಾರದಲ್ಲಿ ಒತ್ತಡಕ್ಕೊಳಗಾದ ಇಲಿ, ಸುಂಡಿಲಿಗಳ ಮಿದುಳಿನ ಆರ್‌ಎನ್‌ಎ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅಲೆನ್ ಮಿದುಳು ಅಟ್ಲಾಸ್‌ನಲ್ಲಿ ಎಂಆರ್ ಮತ್ತು ಜಿಆರ್ ಜೀನ್‌ಗಳು ಯಾವ ಭಾಗದಲ್ಲಿ ಎಷ್ಟಿವೆ ಎಂದು ಚಿತ್ರದಲ್ಲೇ ಕಾಣಬಹುದು. ಅಲ್ಲಿ ಎಂಆರ್ ಜೀನ್‌ಗೆ ಎನ್‌ಆರ್3ಸಿ2 ಎಂದೂ ಜಿಆರ್ ಜೀನ್‌ಗೆ ಎನ್‌ಆರ್3ಸಿ1 ಎಂದೂ ಹೆಸರು. ಒಂದು ಲ್ಯಾಪ್‌ಟಾಪ್ ಮತ್ತು ಆರ್ ಭಾಷೆಯ ಡಿಇಸೀಕ್2 ಪ್ಯಾಕೇಜ್ ಸಾಕು.

ಸುಮಾರು 15,000 ಜೀನ್‌ಗಳನ್ನು ಒಮ್ಮೆಗೇ ಪರೀಕ್ಷಿಸಿ ಪಿ-ಮೌಲ್ಯದ (ನಿಜವಾದ ಬದಲಾವಣೆ ಇಲ್ಲದಾಗಲೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆಯ) 0.05ರ ಮಿತಿಯನ್ನು ಹಾಗೆಯೇ ಬಳಸಿದರೆ, ನಿಜವಾದ ಬದಲಾವಣೆ ಒಂದೂ ಇಲ್ಲದಿದ್ದರೂ 750ರಷ್ಟು ಜೀನ್‌ಗಳು “ಬದಲಾದಂತೆ” ಕಾಣುತ್ತವೆ. ಹುಸಿ ಶೋಧಗಳ ಪ್ರಮಾಣಕ್ಕೆ ತಿದ್ದುಪಡಿ ಮಾಡಿದ ಅಂಕಿಯನ್ನೇ ನೋಡಬೇಕು. ಇದು ಬಹುಮಂದಿಗೆ ಗೊತ್ತು. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ತಪ್ಪುವುದು ಇನ್ನೊಂದು: “ಹಿಪ್ಪೊಕ್ಯಾಂಪಸ್‌ನಲ್ಲಿ ಬದಲಾವಣೆ ಗಣನೀಯ, ಅಮಿಗ್ಡಲಾದಲ್ಲಿ ಗಣನೀಯವಲ್ಲ, ಆದ್ದರಿಂದ ಎರಡು ಭಾಗಗಳು ಬೇರೆ ಬೇರೆಯಾಗಿ ಸ್ಪಂದಿಸಿವೆ” ಎಂಬ ತೀರ್ಮಾನ. ಒಂದರಲ್ಲಿ 0.04, ಇನ್ನೊಂದರಲ್ಲಿ 0.06 ಬಂದಿದ್ದರೆ ಎರಡೂ ಒಂದೇ ರೀತಿ ಸ್ಪಂದಿಸಿರುವ ಸಾಧ್ಯತೆಯೇ ಹೆಚ್ಚು. ಪ್ರಾದೇಶಿಕ ವ್ಯತ್ಯಾಸವನ್ನು ಸಾಧಿಸಬೇಕಾದರೆ ಭಾಗ ಮತ್ತು ಒತ್ತಡಗಳ ಪರಸ್ಪರ ಕ್ರಿಯೆಯನ್ನು ನೇರವಾಗಿ ಪರೀಕ್ಷಿಸಬೇಕು. ಒಂದೇ ಪ್ರಾಣಿಯಿಂದ ಎರಡು ಭಾಗಗಳನ್ನು ತೆಗೆದಿರುವುದರಿಂದ ಪ್ರಾಣಿಯನ್ನು ಸಂಖ್ಯಾಶಾಸ್ತ್ರೀಯ ಮಾದರಿಯಲ್ಲಿ ಪ್ರತ್ಯೇಕ ಅಂಶವಾಗಿ ಸೇರಿಸಬೇಕು. ಎಣಿಕೆಗೆ ಬರುವುದು ಪ್ರಾಣಿಗಳ ಸಂಖ್ಯೆ, ಸೀಳುಗಳದ್ದಲ್ಲ.

ಕೋಶಗಳ ಮಿಶ್ರಣದ ಸಮಸ್ಯೆ ಇದಕ್ಕಿಂತ ಆಳವಾದದ್ದು. ಹತ್ತರಲ್ಲಿ ಒಂದು ಕೋಶ ಮಾತ್ರ ಒಂದು ಜೀನನ್ನು ನಾಲ್ಕು ಪಟ್ಟು ಏರಿಸಿ ಉಳಿದ ಒಂಬತ್ತು ಸುಮ್ಮನಿದ್ದರೆ, ಇಡೀ ಅಂಗಾಂಶದಲ್ಲಿ ಕಾಣುವುದು 1.3 ಪಟ್ಟಿನ ಏರಿಕೆ. ಒತ್ತಡದ ಹಾರ್ಮೋನಿಗೆ ಬಲವಾಗಿ ಸ್ಪಂದಿಸುವ ಹಲವು ಜೀನ್‌ಗಳು ನರಕೋಶಗಳಲ್ಲಿ ಮಾತ್ರವಲ್ಲದೆ ಆಸ್ಟ್ರೊಸೈಟ್, ಆಲಿಗೊಡೆಂಡ್ರೊಸೈಟ್ ಮತ್ತು ರಕ್ತನಾಳದ ಕೋಶಗಳಲ್ಲೂ ಇವೆ. ಆದ್ದರಿಂದ ಒಂದೊಂದು ಕೋಶಕೇಂದ್ರದ ಆರ್‌ಎನ್‌ಎಯನ್ನೂ ಬೇರೆಯಾಗಿ ಓದುವ ಏಕಕೋಶಕೇಂದ್ರ ಸೀಕ್ವೆನ್ಸಿಂಗ್ ಇಲ್ಲದೆ, ಅಥವಾ ಸೀಳಿನ ಮೇಲೆ ಎರಡು ಗುರುತುಗಳನ್ನು ಒಟ್ಟಿಗೆ ನೋಡದೆ, “ನರಕೋಶಗಳಲ್ಲಿ ಏರಿತು” ಎಂದು ಬರೆಯಬೇಡಿ. “ಅಂಗಾಂಶದಲ್ಲಿ ಏರಿತು” ಎಂಬುದು ಪ್ರಾಮಾಣಿಕ ವಾಕ್ಯ.

ಹತ್ತನೆಯ ಹಂತ: ಮನುಷ್ಯರ ಕಡೆಗೆ ಹೆಜ್ಜೆ ಇಡುವಾಗ

2004ರಲ್ಲಿ ಮೈಕಲ್ ಮೀನಿ ಮತ್ತು ಮೋಶೆ ಸ್ಝಿಫ್ ಅವರ ತಂಡಗಳು, ತಾಯಿ ಇಲಿ ಮರಿಗಳನ್ನು ಎಷ್ಟು ನೆಕ್ಕಿ ಆರೈಕೆ ಮಾಡುತ್ತದೆ ಎಂಬುದಕ್ಕೆ ತಕ್ಕಂತೆ ಮರಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಜಿಆರ್ ಜೀನ್‌ನ ಮಿಥೈಲೀಕರಣ (ಡಿಎನ್‌ಎಗೆ ಅಂಟುವ ರಾಸಾಯನಿಕ ಗುರುತು) ಬದಲಾಗುವುದನ್ನು ವರದಿ ಮಾಡಿದವು. 2013ರಲ್ಲಿ ಮನುಷ್ಯರ ಎಫ್‌ಕೆಬಿಪಿ5 ಜೀನ್‌ನ ಒಂದು ನಿರ್ದಿಷ್ಟ ರೂಪವಿದ್ದವರಲ್ಲಿ ಬಾಲ್ಯದ ಆಘಾತಕ್ಕೂ ಆ ಜೀನ್‌ನ ಮಿಥೈಲೀಕರಣ ಕಡಿಮೆಯಾಗುವುದಕ್ಕೂ ನಂಟಿರುವುದನ್ನು ಜರ್ಮನಿಯ ತಂಡ ತೋರಿಸಿತು. ಈ ಎರಡು ಫಲಿತಾಂಶಗಳು ಜನರ ಮನಸ್ಸನ್ನು ಮುಟ್ಟಿವೆ, ಮುಟ್ಟಬೇಕಾದದ್ದೇ. ಆದರೆ ಎರಡನೆಯದರ ಮುಖ್ಯ ಅಳತೆ ರಕ್ತದ ಕೋಶಗಳಲ್ಲಿ ಆದದ್ದು. ಹಿಪ್ಪೊಕ್ಯಾಂಪಸ್ ಮತ್ತು ಅಮಿಗ್ಡಲಾಗಳೇ ಒಂದರಂತೆ ಇನ್ನೊಂದು ಇಲ್ಲವೆಂದು ಇಷ್ಟು ಹೊತ್ತು ನೋಡಿದ ಮೇಲೆ, ರಕ್ತವನ್ನು ಮಿದುಳಿನ ಕನ್ನಡಿಯೆಂದು ಸುಲಭವಾಗಿ ಒಪ್ಪಲಾಗದು. ಮನುಷ್ಯರ ಮಿದುಳಿನ ಅಂಗಾಂಶವೇ ಬೇಕೆಂದಾದರೆ, ನಿಮ್ಹಾನ್ಸ್‌ನ ಮಿದುಳು ಭಂಡಾರವು ಕುಟುಂಬಗಳ ಒಪ್ಪಿಗೆಯಿಂದ ದಾನವಾಗಿ ಬಂದ ಅಂಗಾಂಶವನ್ನು ಸಂಶೋಧನೆಗಾಗಿ ಕಾಪಾಡುತ್ತದೆ. ಅಲ್ಲಿ ಸಾವಿನ ಹೊತ್ತು, ಸಾವಿನ ಮೊದಲಿನ ಕಾಯಿಲೆಯ ಅವಧಿ, ಕೊಟ್ಟಿದ್ದ ಸ್ಟೆರಾಯ್ಡ್ ಔಷಧಿ ಮತ್ತು ಸಾವಿನಿಂದ ಸಂಗ್ರಹದವರೆಗಿನ ಗಂಟೆಗಳು, ಇವೆಲ್ಲ ನಿಮ್ಮ ಜೀನ್‌ಗಳನ್ನು ಬದಲಿಸಿರಬಹುದಾದ್ದರಿಂದ, ಆ ವಿವರಗಳು ಇರುವ ಮಾದರಿಗಳನ್ನೇ ಕೇಳಿ.

ನಿಮ್ಮ ಸ್ವಂತ ದತ್ತಾಂಶವನ್ನು ಸಾರ್ವಜನಿಕ ಭಂಡಾರಕ್ಕೆ ಸೇರಿಸುವಾಗಲೂ ಹೀಗೆಯೇ ಮಾಡಿ. ಪ್ರತಿ ಮಾದರಿಯ ಎದುರು ಪ್ರಾಣಿಯ ಗುರುತುಸಂಖ್ಯೆ, ಲಿಂಗ, ವಯಸ್ಸು, ದೀಪ ಹಚ್ಚಿದ ಮತ್ತು ಆರಿಸಿದ ಹೊತ್ತು, ಅಂಗಾಂಶ ತೆಗೆದ ಗಂಟೆ ನಿಮಿಷ, ರಕ್ತದ ಕಾರ್ಟಿಕೊಸ್ಟೆರಾನ್ ಮಟ್ಟ, ಕೊರೆದ ಜಾಗದ ಚಿತ್ರ ಮತ್ತು ಆ ದಿನ ಪ್ರಾಣಿಗೃಹದ ಹೊರಗೆ ಕಾಮಗಾರಿ ನಡೆಯುತ್ತಿತ್ತೇ ಎಂಬ ಟಿಪ್ಪಣಿಯನ್ನು ಬರೆಯಿರಿ.